ಓದುಗರ ಪ್ರಶ್ನೆ, ನಮ್ಮ ಉತ್ತರ: ಇಪ್ಪತ್ತೆಂಟು ದಿನ, ಹನ್ನೆರಡು ಊರು

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ವಯಸ್ಸು 21. ಪರೀಕ್ಷೆ ಮುಗಿಸಿ ಜೂನ್ ಮಧ್ಯದಿಂದ ಇಬ್ಬರು ಗೆಳೆಯರೊಂದಿಗೆ 28 ದಿನ ಯುರೋಪ್ ಸುತ್ತಬೇಕೆಂದಿದ್ದೇನೆ. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ವೆನಿಸ್, ರೋಮ್, ಬಾರ್ಸಿಲೋನಾ, ಲಿಸ್ಬನ್ ಹಾಗೂ ನಡುವೆ ಎರಡು ದಿನ ಲಂಡನ್ ನಮ್ಮ ಪಟ್ಟಿಯಲ್ಲಿವೆ. ಹಾಸ್ಟೆಲಿನಲ್ಲಿ ಉಳಿದು, ಅಗ್ಗದ ವಿಮಾನ ಹಿಡಿದು, ರಾತ್ರಿಯ ಕ್ಲಬ್ಬು ಪಬ್ಬುಗಳನ್ನೂ ನೋಡುವ ಆಸೆಯಿದೆ. ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು?
— ವಿದ್ಯಾರ್ಥಿ, ಗೋಣಿಕೊಪ್ಪ

ಉತ್ತರ: ಎರಡು ದಿನದ ರಜೆಯಲ್ಲಿ ಅಬ್ಬಿ ಜಲಪಾತ, ರಾಜಾಸೀಟು, ತಲಕಾವೇರಿ, ದುಬಾರೆ, ಬೈಲುಕುಪ್ಪೆಗಳನ್ನು ಮುಗಿಸಿ ‘ಕೂರ್ಗ್ ನೋಡಿ ಆಯಿತು’ ಎಂದು ಮರಳುವವರನ್ನು ಗೋಣಿಕೊಪ್ಪದವರಾದ ನೀವು ಚಿಕ್ಕಂದಿನಿಂದ ಕಂಡಿದ್ದೀರಿ. ನಿಮ್ಮ ಪಟ್ಟಿ ಓದುವಾಗ ನನಗೆ ಅವರ ಕಾರೇ ಕಣ್ಣಿಗೆ ಬಂತು. ಹಾಸ್ಟೆಲಿನವರು ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಹಾಸಿಗೆ ಬಿಡಿಸುತ್ತಾರೆ, ಮುಂದಿನ ಊರಿನವರು ಮಧ್ಯಾಹ್ನ ಎರಡು ಮೂರರ ಮೇಲೆ ಹಾಸಿಗೆ ಕೊಡುತ್ತಾರೆ. ಹೀಗಾಗಿ ಊರು ಬದಲಿಸಿದ ದಿನವೆಲ್ಲ ಚೀಲ ಹೊತ್ತೇ ಕಳೆಯುತ್ತದೆ. ಹನ್ನೆರಡು ಊರುಗಳೆಂದರೆ ನಿಮ್ಮ 28 ದಿನಗಳಲ್ಲಿ ಹೆಚ್ಚುಕಡಿಮೆ ಹನ್ನೊಂದು ದಿನಗಳನ್ನು ನಿಲ್ದಾಣಗಳಿಗೆ ಕೊಟ್ಟಂತೆ. ರಾತ್ರಿಯ ಬದುಕು ನೋಡಬೇಕೆನ್ನುವವರಿಗಂತೂ ಇದು ಹೊಂದುವುದೇ ಇಲ್ಲ, ಏಕೆಂದರೆ ಮುಂಜಾನೆ ಐದಕ್ಕೆ ಕ್ಲಬ್ಬಿನಿಂದ ಬಂದವರು ಏಳರ ಬಸ್ಸು ಹಿಡಿಯಲಾರರು. ಊರುಗಳನ್ನು ನಾಲ್ಕಕ್ಕೆ ಇಳಿಸಿ, ಬಹಳವೆಂದರೆ ಐದು.

ಮೊದಲು ಕತ್ತರಿ ಹಾಕಬೇಕಾದದ್ದು ಲಂಡನ್ನಿಗೆ. ಷೆಂಗೆನ್ ವೀಸಾ 29 ದೇಶಗಳಿಗೆ ನಡೆಯುತ್ತದೆ, ಆದರೆ ಬ್ರಿಟನ್ ಅದರಲ್ಲಿ ಇಲ್ಲ. ಅಲ್ಲಿಗೆ ಬೇರೆ ವೀಸಾ, ಬೇರೆ ಶುಲ್ಕ ಬೇಕು ಎಂಬುದು ಒಂದು ತೊಂದರೆಯಾದರೆ, ನಿಮಗೆ ಸಿಕ್ಕಿದ್ದು ಒಂದೇ ಬಾರಿ ಪ್ರವೇಶಿಸಬಹುದಾದ ಷೆಂಗೆನ್ ವೀಸಾ ಆಗಿದ್ದರೆ ಲಂಡನ್ನಿಗೆ ಹೋದ ಗಳಿಗೆಯಲ್ಲೇ ಅದರ ಆಯುಷ್ಯ ಮುಗಿದು, ಮರಳಿ ಪ್ಯಾರಿಸ್ಸಿಗೆ ಬರಲಾಗದೆ ಉಳಿಯುವಿರಿ ಎಂಬುದು ಅದಕ್ಕಿಂತ ದೊಡ್ಡದು. ಅರ್ಜಿಯನ್ನು ಹೆಚ್ಚು ದಿನ ಉಳಿಯುವ ದೇಶಕ್ಕೆ ಹಾಕಬೇಕು. ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ‘ಆ ದೇಶದ ವೀಸಾ ಬೇಗ ಸಿಗುತ್ತದಂತೆ’ ಎಂಬ ಗಾಳಿಮಾತು ನಂಬಿ ಒಂದು ದೇಶಕ್ಕೆ ಅರ್ಜಿ ಹಾಕಿ ಇನ್ನೊಂದರಲ್ಲಿ ತಿಂಗಳು ಕಳೆಯುವುದು ತಪ್ಪು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಜೂನ್ ಪ್ರಯಾಣಿಕರೆಲ್ಲ ಏಪ್ರಿಲ್‌ನಲ್ಲೇ ನೂಕುವುದರಿಂದ ನೀವು ಕಾಫಿ ಹೂ ಬಿಡುವ ಹೊತ್ತಿಗೆ ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ಮುಗಿಸಿರಬೇಕು. 2024ರ ಜೂನ್‌ನಿಂದ ಶುಲ್ಕ 90 ಯೂರೊ ಆಗಿದೆ, ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಕೈ ಬಿಗಿ ಹಿಡಿಯಬಾರದ ಮೊದಲ ಜಾಗ ಇದೇ.

ಅಗ್ಗದ ವಿಮಾನದ ವಿಷಯದಲ್ಲಿ ನನ್ನ ಪೆಟ್ಟನ್ನೇ ಹೇಳುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ಬೆಳಗಿನ ಆರು ಗಂಟೆಯ ವಿಮಾನಕ್ಕೆ 15 ಯೂರೊ ಕೊಟ್ಟು ಹಿಗ್ಗಿದ್ದೆ. ಆ ಹೊತ್ತಿಗೆ ನಿಲ್ದಾಣ ಮುಟ್ಟಿಸುವ ಬಸ್ಸೇ ಇಲ್ಲವೆಂದು ತಿಳಿದದ್ದು ಆಮೇಲೆ. ಹಿಂದಿನ ರಾತ್ರಿಯ ಕೊನೆಯ ಬಸ್ಸಿನಲ್ಲಿ ಹೋದರೆ, ಮಧ್ಯರಾತ್ರಿ ಬಾಗಿಲು ಮುಚ್ಚಿ ಎಲ್ಲರನ್ನೂ ಹೊರಗೆ ಕಳುಹಿಸಿದರು. ಜೂನ್ ತಿಂಗಳಾದರೂ ಮೂರು ಗಂಟೆಯ ಚಳಿಗೆ ಚೀಲದಲ್ಲಿದ್ದ ಅಂಗಿಗಳನ್ನೆಲ್ಲ ಒಂದರ ಮೇಲೊಂದು ತೊಟ್ಟು, ಸಾಮಾನು ತಳ್ಳುವ ಗಾಡಿಗಳ ಸಾಲಿನ ಹಿಂದೆ ಮುದುಡಿ ಕುಳಿತಿದ್ದೆ. ಅಗ್ಗದ ವಿಮಾನಗಳು ಇಳಿಯುವ ಜಾಗ ಬಹಳ ಸಲ ಹೆಸರಿಗಷ್ಟೇ ಆ ಊರಿನದು. ‘ಪ್ಯಾರಿಸ್ ಬೋವೆ’ ಪ್ಯಾರಿಸ್ಸಿನಿಂದ ಸುಮಾರು 80 ಕಿಲೋಮೀಟರ್, ‘ಫ್ರಾಂಕ್‌ಫರ್ಟ್ ಹಾನ್’ ಫ್ರಾಂಕ್‌ಫರ್ಟಿನಿಂದ ಸುಮಾರು 120 ಕಿಲೋಮೀಟರ್. ಮೈಸೂರಿನಲ್ಲಿ ಇಳಿಸಿ ಮಡಿಕೇರಿ ಎಂದಂತೆ. ಅದರ ಮೇಲೆ ಸೀಟಿನ ಕೆಳಗೆ ಹಿಡಿಯುವ ಚೀಲಕ್ಕಷ್ಟೇ ಕಾಸಿಲ್ಲ, ಉಳಿದುದಕ್ಕೆಲ್ಲ ಉಂಟು.

ರೈಲು ಹಳಿಯೇ ಇಲ್ಲದ ಜಿಲ್ಲೆಯವರಾದ ನಮಗೆ ಊರ ನಡುಮಧ್ಯೆ ಇಳಿಸುವ ರೈಲಿನ ಬೆಲೆ ಬೇಗ ಹೊಳೆಯುವುದಿಲ್ಲ. ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಒಂದೇ ದಾರದಲ್ಲಿ ಪೋಣಿಸಿದಂತಿವೆ. ಮೊದಲ ಎರಡು ಹಂತಗಳಿಗೆ ತಲಾ ಸುಮಾರು ನಾಲ್ಕು ಗಂಟೆ, ವಿಯೆನ್ನಾದಿಂದ ಬುಡಾಪೆಸ್ಟಿಗೆ ಮೂರು ಗಂಟೆಯೂ ಇಲ್ಲ. ನಾನಾದರೆ ಈ ನಾಲ್ಕನ್ನು ಹಿಡಿದು, ವಿಯೆನ್ನಾದಿಂದ ರಾತ್ರಿ ರೈಲಿನಲ್ಲಿ ವೆನಿಸ್ಸಿಗೊಂದು ಸುತ್ತು ಹಾಕಿ ಬರುತ್ತೇನೆ. ಇಷ್ಟಕ್ಕೆ, ಹಲವು ದೇಶಗಳ ರೈಲುಗಳಲ್ಲಿ ನಡೆಯುವ ಯೂರೇಲ್ ಪಾಸ್ ಬೇಕಾಗಿಯೇ ಇಲ್ಲ. ಬಿಡಿ ಟಿಕೆಟ್ಟುಗಳನ್ನು ಒಂದೆರಡು ತಿಂಗಳು ಮುಂಚೆ ಕೊಂಡರೆ ಅಗ್ಗವಾಗುತ್ತದೆ. 27 ವರ್ಷದವರೆಗಿನವರಿಗೆ ಪಾಸಿನಲ್ಲಿ ರಿಯಾಯಿತಿ ಇರುವುದು ನಿಜ, ಆದರೆ ಹಲವು ವೇಗದ ರೈಲುಗಳಲ್ಲೂ ರಾತ್ರಿ ರೈಲುಗಳಲ್ಲೂ ಪಾಸಿನ ಮೇಲೆ ಸೀಟಿಗೆ ಮತ್ತೆ ಹಣ ತೆರಬೇಕು. ರಾತ್ರಿ ಬಸ್ಸಿನಲ್ಲಿ ಮಲಗಿ ಹಾಸ್ಟೆಲಿನ ಬಾಡಿಗೆ ಉಳಿಸುವ ಉಪಾಯವನ್ನು ಎಲ್ಲರೂ ಹೇಳುತ್ತಾರೆ. ವಾರಕ್ಕೊಮ್ಮೆ ಮಾಡಿ, ಸತತ ಎರಡು ರಾತ್ರಿ ಮಾತ್ರ ಬೇಡ.

ಹಾಸ್ಟೆಲ್ ಎಂದರೆ ನಿಮ್ಮ ಕಾಲೇಜಿನ ಹಾಸ್ಟೆಲನ್ನು ಊಹಿಸಬೇಡಿ. ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮೇಷ್ಟರು ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ಯುವಾಗ ತಂಗಲು ಜಾಗವಿಲ್ಲದೆ ಕಷ್ಟಪಟ್ಟು, 1912ರಲ್ಲಿ ಆಲ್ಟೆನಾ ಕೋಟೆಯೊಳಗೆ ತೆರೆದ ತಂಗುದಾಣದಿಂದ ಈ ಪದ್ಧತಿ ಬೆಳೆಯಿತು. ಎಂಟೋ ಹತ್ತೋ ಜನ ಮಲಗುವ ಕೋಣೆ, ಒಂದರ ಮೇಲೊಂದು ಮಂಚ, ಮಂಚದ ಕೆಳಗೆ ಕಬ್ಬಿಣದ ಪೆಟ್ಟಿಗೆ. ಬೀಗ ಬಹಳ ಕಡೆ ನಿಮ್ಮದೇ ಆಗಬೇಕು, ಇಲ್ಲಿಂದಲೇ ಒಯ್ಯಿರಿ. ಮಹಡಿ ಮಂಚ ಸಿಕ್ಕರೆ ರಾತ್ರಿ ಎರಡಕ್ಕೆ ಮರಳಿ ಏಣಿ ಹತ್ತುವಾಗ ಕೆಳಗಿನವರ ಬೈಗುಳ ಖಚಿತ. ಅಡುಗೆಮನೆಯ ಒಂದು ಮೂಲೆಯಲ್ಲಿ ಊರು ಬಿಟ್ಟು ಹೋದವರು ಇಟ್ಟ ಅರ್ಧ ಪೊಟ್ಟಣ ಪಾಸ್ತಾ, ತಳದಲ್ಲಿ ನಾಲ್ಕು ಚಮಚ ಉಳಿದ ಎಣ್ಣೆ ಬಾಟಲಿ, ಹೆಸರು ಅಳಿಸಿದ ಉಪ್ಪಿನ ಡಬ್ಬಿ ಇರುವ ಕಪಾಟೊಂದು ಇರುತ್ತದೆ. ಅದರಲ್ಲಿರುವುದನ್ನು ಯಾರು ಬೇಕಾದರೂ ಬಳಸಬಹುದು. ನಮ್ಮ ಕರಿಮೆಣಸಿನ ಪುಡಿ ಮತ್ತು ಒಂದು ಚಿಕ್ಕ ಸೀಸೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಜೊತೆಗಿದ್ದರೆ ಆ ಕಪಾಟೇ ಎರಡು ಹೊತ್ತಿನ ಊಟವಾಗುತ್ತದೆ. ಅಮ್ಮ ಕಟ್ಟಿಕೊಡುವ ಹಂದಿ ಉಪ್ಪಿನಕಾಯಿಯನ್ನು ಮಾತ್ರ ಮನೆಯಲ್ಲೇ ಬಿಡಿ, ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ ಎಂಬುದನ್ನು ಶನಿವಾರವೇ ನೆನಪಿಡಿ.

ಇನ್ನು ರಾತ್ರಿಯ ಮಾತು. ಜೂನ್ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂವರೆಗೆ. ಅಲ್ಲಿನ ಕ್ಲಬ್ಬುಗಳಿಗೆ ಕಳೆ ಬರುವುದು ನಡುರಾತ್ರಿ ಕಳೆದ ಮೇಲೆ. ಕೆಲವು ಶನಿವಾರ ರಾತ್ರಿ ತೆರೆದರೆ ಸೋಮವಾರ ಬೆಳಿಗ್ಗೆಯವರೆಗೆ ಬಾಗಿಲು ಹಾಕುವುದಿಲ್ಲ. ಬರ್ಲಿನ್ನಿನ ಟೆಕ್ನೊ ಸಂಗೀತದ ಸಂಸ್ಕೃತಿಯನ್ನು 2024ರಲ್ಲಿ ಜರ್ಮನಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು, ಆದ್ದರಿಂದ ಅವರು ಅದನ್ನು ಮೋಜೆಂದಷ್ಟೇ ಕಾಣುವುದಿಲ್ಲ. ಹೆಸರಾಂತ ಕ್ಲಬ್ಬುಗಳ ಬಾಗಿಲಲ್ಲಿ ಫೋನಿನ ಹಿಂದು ಮುಂದಿನ ಕ್ಯಾಮೆರಾಗಳ ಮೇಲೆ ಪುಟ್ಟ ಸ್ಟಿಕ್ಕರ್ ಅಂಟಿಸಿಯೇ ಒಳಗೆ ಬಿಡುತ್ತಾರೆ. ಅದನ್ನು ಕಿತ್ತು ಚಿತ್ರ ತೆಗೆದರೆ ಹೊರಗೆ ಹಾಕುತ್ತಾರೆ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತ ಮೇಲೂ ಬಾಗಿಲು ಕಾಯುವವನು ಕಾರಣ ಹೇಳದೆ ತಲೆಯಲ್ಲಾಡಿಸಿ ಕಳುಹಿಸುವುದುಂಟು. ವಾದಿಸದೆ ನಡೆಯಿರಿ. ನಿಮ್ಮ ಜೇಬಿಗೆ ಹೆಚ್ಚು ಹೊಂದುವುದು ಬುಡಾಪೆಸ್ಟ್. ಅಲ್ಲಿನ ಹಳೆಯ ಯಹೂದಿ ಬಡಾವಣೆಯ ಪಾಳು ಕಟ್ಟಡಗಳಲ್ಲಿ ಒಡಕು ಕುರ್ಚಿ, ಹಳೆಯ ಸ್ನಾನದ ತೊಟ್ಟಿಗಳನ್ನೇ ಆಸನ ಮಾಡಿ ನಡೆಸುವ ಪಬ್ಬುಗಳಿವೆ. 2002ರಲ್ಲಿ ಆರಂಭವಾದ ಸಿಂಪ್ಲಾ ಕೆರ್ಟ್ ಅವುಗಳಲ್ಲಿ ಹೆಸರುವಾಸಿಯಾದುದು. ಕಾಸೇ ಬೇಡವೆಂದರೆ ಜೂನ್ 21ಕ್ಕೆ ಪ್ಯಾರಿಸ್ ಒಳ್ಳೆಯದು, 1982ರಿಂದ ಆ ದಿನ ಫ್ರಾನ್ಸಿನ ಬೀದಿಬೀದಿಗಳಲ್ಲಿ ಸಂಗೀತ ಹಬ್ಬ ನಡೆಯುತ್ತದೆ. ಆಮ್‌ಸ್ಟರ್‌ಡ್ಯಾಮಿಗೆ ಹೋದರೆ ಒಂದು ಎಚ್ಚರ: ಅಲ್ಲಿ ‘ಕಾಫಿ ಶಾಪ್’ ಎಂದು ಬೋರ್ಡಿರುವುದು ಗಾಂಜಾ ಮಾರುವ ಅಂಗಡಿಗೆ. ಕಾಫಿ ಬೆಳೆಯುವ ನಾಡಿನವರು ಮುಗ್ಧವಾಗಿ ಒಳಹೊಕ್ಕು ಫಿಲ್ಟರ್ ಕೇಳಿದ್ದನ್ನು ನಾನು ಬಲ್ಲೆ. ಅಲ್ಲಿ ಕೊಂಡದ್ದನ್ನು ಗಡಿ ದಾಟಿಸಿದರೆ ಅಪರಾಧ.

ರಾತ್ರಿಯ ಖರ್ಚಿನಲ್ಲಿ ಕೈ ಕಚ್ಚುವುದು ಪಾನೀಯಕ್ಕಿಂತ ಹೆಚ್ಚಾಗಿ ಮರಳುವ ಟ್ಯಾಕ್ಸಿ. ಆದ್ದರಿಂದ ಹೊರಡುವ ಮೊದಲೇ ಮರಳುವ ದಾರಿಯನ್ನು ನೋಡಿಕೊಳ್ಳಿ. ಬರ್ಲಿನ್ನಿನ ಸುರಂಗ ರೈಲು ಶುಕ್ರವಾರ ಮತ್ತು ಶನಿವಾರ ರಾತ್ರಿಯಿಡೀ ಓಡುತ್ತದೆ, ಬುಡಾಪೆಸ್ಟಿನ 6ನೇ ನಂಬರಿನ ಟ್ರ್ಯಾಮ್ ಎಲ್ಲ ರಾತ್ರಿಯೂ ಓಡುತ್ತದೆ, ಪ್ಯಾರಿಸ್ಸಿನ ಮೆಟ್ರೊ ವಾರದ ದಿನಗಳಲ್ಲಿ ಒಂದು ಗಂಟೆ ದಾಟುತ್ತಲೇ ನಿಲ್ಲುತ್ತದೆ. ಟಿಕೆಟ್ಟಿಲ್ಲದೆ ಹತ್ತಿ ಸಿಕ್ಕಿಬಿದ್ದರೆ ಜರ್ಮನಿಯಲ್ಲಿ 60 ಯೂರೊ ದಂಡ, ನಿದ್ದೆಗಣ್ಣಿನ ನೆಪ ನಡೆಯುವುದಿಲ್ಲ. ಎಟಿಎಂ ಪರದೆ ‘ರೂಪಾಯಿಯಲ್ಲಿ ಕಡಿತ ಮಾಡಲೇ’ ಎಂದು ಮರ್ಯಾದೆಯಿಂದ ಕೇಳಿದರೆ ಬೇಡವೆನ್ನಿ. ಆ ಮರ್ಯಾದೆಯ ಬೆಲೆ ವಿನಿಮಯ ದರದಲ್ಲಿ ಅಡಗಿರುತ್ತದೆ.

ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಮದುವೆ ಹಬ್ಬಗಳಿಗೆ ಮದ್ಯ ಇರುವುದು ಗುಟ್ಟೇನಲ್ಲ, ಆದುದರಿಂದ ಕುಡಿಯಬೇಡಿ ಎಂದು ಉಪದೇಶ ಮಾಡಿ ನಿಮ್ಮನ್ನು ನಗಿಸಲಾರೆ. ಇಲ್ಲಿ ಮಿತಿ ಮೀರಿದವನನ್ನು ಮಾವನೋ ಭಾವನೋ ತೋಳು ಹಿಡಿದು ಜೀಪಿನಲ್ಲಿ ಕೂರಿಸುತ್ತಾರೆ. ಅಲ್ಲಿ ಆ ತೋಳು ನಿಮ್ಮ ಮೂವರಲ್ಲೇ ಒಬ್ಬರದಾಗಬೇಕು. ಸರದಿಯ ಮೇಲೆ ದಿನಕ್ಕೊಬ್ಬರು ಕುಡಿಯದೆ ಇರಿ, ಆ ದಿನದ ಹಣ, ಕಾರ್ಡು, ಹಾಸ್ಟೆಲಿನ ಕೀಲಿ ಅವರ ಬಳಿ ಇರಲಿ.

ಪ್ರಶ್ನೆ: ಮಗಳು ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾಳೆ, ವಯಸ್ಸು 23. ಆಗಸ್ಟ್ ರಜೆಯಲ್ಲಿ ಒಬ್ಬಳೇ ಮೂರು ವಾರ ತಿರುಗುತ್ತೇನೆ, ಹಾಸ್ಟೆಲುಗಳಲ್ಲಿ ಉಳಿಯುತ್ತೇನೆ ಎನ್ನುತ್ತಾಳೆ. ಒಂದೇ ಕೋಣೆಯಲ್ಲಿ ಗಂಡಸರೂ ಮಲಗುತ್ತಾರಂತೆ. ಬೇಡವೆನ್ನಲೇ?
— ಒಬ್ಬ ತಾಯಿ, ಸೋಮವಾರಪೇಟೆ

ಉತ್ತರ: ಬೇಡವೆನ್ನಬೇಡಿ. ಹೆಚ್ಚಿನ ಹಾಸ್ಟೆಲುಗಳಲ್ಲಿ ಹೆಂಗಸರಿಗಷ್ಟೇ ಮೀಸಲಾದ ಕೋಣೆಗಳಿವೆ; ದರ ಒಂದಿಷ್ಟು ಹೆಚ್ಚಿರಬಹುದು, ಆ ವ್ಯತ್ಯಾಸವನ್ನು ನೀವು ಕಳುಹಿಸಿಬಿಡಿ, ನಿಮಗೂ ನಿದ್ದೆ ಬಂದೀತು. ಹೊಸ ಊರಿಗೆ ಬೆಳಕಿರುವಾಗ ತಲುಪುವಂತೆ ರೈಲು ಹಿಡಿಯಲು ಹೇಳಿ. ಆಗಸ್ಟಿನಲ್ಲಿ ಅಲ್ಲಿ ಎಂಟರವರೆಗೂ ಬೆಳಕಿರುವುದರಿಂದ ಇದು ಕಷ್ಟವಲ್ಲ. ಯುರೋಪಿಯನ್ ಒಕ್ಕೂಟದ ಯಾವ ದೇಶದಲ್ಲೇ ಆಗಲಿ ತುರ್ತಿಗೆ 112 ಒತ್ತಿದರೆ ಸಾಕು.

ಅವಳಿಗೆ ಪ್ರವಾಸಿಗರಿಗಿಲ್ಲದ ಅನುಕೂಲಗಳೂ ಇವೆ. ಜರ್ಮನಿಯ ವಾಸ ಪರವಾನಗಿ ಇರುವುದರಿಂದ ಉಳಿದ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಬೇರೆ ವೀಸಾ ಇಲ್ಲದೆ ಓಡಾಡಬಹುದು. ಭಾರತದ ಪಾಸ್‌ಪೋರ್ಟ್ ಇದ್ದರೂ ಅವಳು ಅಲ್ಲಿನ ನಿವಾಸಿಯಾದ್ದರಿಂದ ಯೂರೇಲ್ ಬದಲಿಗೆ ಇಂಟರ್‌ರೇಲ್ ಪಾಸ್ ಕೊಳ್ಳಬೇಕು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಯುರೋಪಿನ ಆರ್ಥಿಕ ವಲಯದಲ್ಲಿ ವಾಸಿಸುವ 26 ವರ್ಷದೊಳಗಿನವರನ್ನು ಉಚಿತವಾಗಿ ಒಳಬಿಡುತ್ತದೆ; ಗೋಣಿಕೊಪ್ಪದ ಹುಡುಗರು ದುಡ್ಡು ತೆತ್ತು ಸಾಲಿನಲ್ಲಿ ನಿಂತಿರುವಾಗ ನಿಮ್ಮ ಮಗಳು ಪರವಾನಗಿ ಕಾರ್ಡು ತೋರಿಸಿ ಹೋಗಬಹುದು.

ರಾತ್ರಿ ತಿರುಗಾಟದ ಭಯವನ್ನು ನೀವು ಬರೆದಿಲ್ಲ, ಆದರೂ ಸಾಲುಗಳ ನಡುವೆ ಓದಿದೆ. ಮಡಿಕೇರಿ ದಸರೆಯ ಹತ್ತು ಮಂಟಪಗಳನ್ನು ನೋಡಲು ಬೆಳಗಾಗುವವರೆಗೆ ಬೀದಿಯಲ್ಲಿ ನಿಲ್ಲುವುದನ್ನು ಅವಳಿಗೆ ಕಲಿಸಿದವರು ಬಹುಶಃ ನೀವೇ. ಗುಂಪು ಇರುವ ಬೀದಿ ಬಿಡದಿರುವುದು, ತನ್ನ ಲೋಟವನ್ನು ಕಣ್ಣಿಂದ ಮರೆ ಮಾಡದಿರುವುದು, ಹಾಸ್ಟೆಲಿನ ವಿಳಾಸವನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳುವುದು, ಇಷ್ಟನ್ನು ಹೇಳಿ. ದಿನಕ್ಕೆ ಐದು ಸಲ ಫೋನ್ ಮಾಡಬೇಡಿ. ಬೆಳಿಗ್ಗೆ ಒಂದು ಸಂದೇಶ ಎಂದು ಒಪ್ಪಂದ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ಹೋಂಸ್ಟೇಗೆ ಬರುವ ಯುವಕರು ರಾತ್ರಿ ಎರಡರವರೆಗೆ ಸ್ಪೀಕರ್ ಹಾಕಿ ಕುಣಿಯುತ್ತಾರೆ, ಕೇಳಿದರೆ ‘ಯುರೋಪಿನಲ್ಲಿ ಹೀಗೇ’ ಎನ್ನುತ್ತಾರೆ. ನಿಜವೇ?
— ಹೋಂಸ್ಟೇ ಮಾಲೀಕರು, ಮಡಿಕೇರಿ ತಾಲ್ಲೂಕು

ಉತ್ತರ: ನಿಜವಲ್ಲ. ಜರ್ಮನಿಯಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನೆರೆಯವರ ನಿದ್ದೆ ಕೆಡಿಸುವಂತಿಲ್ಲ. ಅವರು ಕುಣಿಯುವುದು ದಪ್ಪ ಗೋಡೆಯ ಕ್ಲಬ್ಬಿನೊಳಗೆ. ಬಾಗಿಲು ದಾಟಿ ಬೀದಿಗೆ ಬಂದರೆ ಮೆಲ್ಲಗೆ ಮಾತಾಡಿರೆಂಬ ಫಲಕ ಕಾಣುತ್ತದೆ. ಪ್ರಾಗ್ ನಗರ 2024ರಲ್ಲಿ, ಪ್ರವಾಸಿಗರನ್ನು ಗುಂಪು ಕಟ್ಟಿ ಪಬ್ಬಿನಿಂದ ಪಬ್ಬಿಗೆ ಕರೆದೊಯ್ಯುವ ವ್ಯವಹಾರವನ್ನು ರಾತ್ರಿ ಹತ್ತರ ನಂತರ ನಿಷೇಧಿಸಿತು. ಅದಕ್ಕೂ ಒಂದು ವರ್ಷ ಮೊದಲು ಆಮ್‌ಸ್ಟರ್‌ಡ್ಯಾಮ್, ಕುಡಿದು ಕೂಗಾಡಲೆಂದೇ ಬರುವ ಬ್ರಿಟನ್ನಿನ ಯುವಕರಿಗೆ ‘ದೂರವಿರಿ’ ಎಂದೇ ಜಾಹೀರಾತು ಕೊಟ್ಟಿತ್ತು. ನಿಮಗೆ ಯುರೋಪಿನ ಕಾನೂನು ಬೇಕಾಗಿಯೂ ಇಲ್ಲ: ಭಾರತದ 2000ದ ಶಬ್ದಮಾಲಿನ್ಯ ನಿಯಮಗಳಲ್ಲೂ ಧ್ವನಿವರ್ಧಕಕ್ಕೆ ನಿಷೇಧವಿರುವ ಹೊತ್ತು ಅದೇ ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಅದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ ಊಟದ ಮೇಜಿನ ಎದುರು ತೂಗುಹಾಕಿ, ಮುಂಗಡ ಹಣ ಪಡೆಯುವ ಮುನ್ನವೇ ಅತಿಥಿಗಳಿಗೆ ಓದಿಸಿ.