ಸೀರೆ ಅಂಗಡಿಯ ಇಮೇಲ್: ಚಿತ್ರವೆಷ್ಟು, ಅಕ್ಷರವೆಷ್ಟು?

ಪ್ರಶ್ನೆ: ನಮ್ಮದು ಇಳಕಲ್‌ನಲ್ಲಿ ಕೈಮಗ್ಗದ ಸೀರೆಗಳ ಅಂಗಡಿ. ಬೆಂಗಳೂರಿನ ಪ್ರದರ್ಶನಗಳಲ್ಲಿ ಗ್ರಾಹಕರು ನಮ್ಮ ಪುಸ್ತಕದಲ್ಲಿ ಬರೆದುಕೊಟ್ಟ ಸುಮಾರು 800 ಇಮೇಲ್ ವಿಳಾಸಗಳಿವೆ. ದೀಪಾವಳಿಗೆ ಮುಂಚೆ ಇಷ್ಟೂ ಜನರಿಗೆ ಹೊಸ ಸೀರೆಗಳ ಜಾಹೀರಾತನ್ನು ಕಳಿಸಿದೆವು. ವಿನ್ಯಾಸ ಮಾಡಿದವರು ಎಲ್ಲವನ್ನೂ ಸೇರಿಸಿ ಒಂದೇ ಚಿತ್ರವಾಗಿ ಕೊಟ್ಟಿದ್ದರು. ಕೆಲವರು ಖಾಲಿ ಚೌಕ ಬಂದಿದೆ ಎಂದರು, ಕೆಲವರಿಗೆ ಅದು ಸ್ಪ್ಯಾಮ್‌ಗೆ ಹೋಗಿತ್ತು. ತಪ್ಪು ಎಲ್ಲಾಯಿತು?
– ಒಬ್ಬ ಓದುಗರು, ಇಳಕಲ್

ಉತ್ತರ: ಎಲ್ಲವನ್ನೂ ಒಂದೇ ಚಿತ್ರಕ್ಕೆ ತುಂಬಿದ್ದೇ ತಪ್ಪು. ಗೋಡೆಗೆ ಅಂಟಿಸುವ ಭಿತ್ತಿಪತ್ರಕ್ಕೆ ಸರಿಹೋಗುವ ಈ ಪದ್ಧತಿ ಇಮೇಲ್‌ಗೆ ಒಗ್ಗುವುದಿಲ್ಲ. ಕಚೇರಿಗಳಲ್ಲಿ ಬಳಸುವ ಔಟ್‌ಲುಕ್‌ನಂಥ ತಂತ್ರಾಂಶಗಳು ಅಪರಿಚಿತರಿಂದ ಬಂದ ಪತ್ರದ ಚಿತ್ರಗಳನ್ನು ಓದುಗರು ಒಪ್ಪಿಗೆ ಕೊಡುವವರೆಗೂ ತೆರೆಯುವುದಿಲ್ಲವಾದ್ದರಿಂದ, ನಿಮ್ಮ ಬೆಲೆ, ವಿಳಾಸ, ದೂರವಾಣಿ ಸಂಖ್ಯೆ ಎಲ್ಲವೂ ಆ ಖಾಲಿ ಚೌಕದ ಹಿಂದೆಯೇ ಉಳಿದವು. ಹಿಂದೆ ಮೋಸದ ಪತ್ರ ಕಳಿಸುವವರು ಸ್ಪ್ಯಾಮ್ ಪತ್ತೆಹಚ್ಚುವ ಶೋಧಕಗಳ ಕಣ್ಣು ತಪ್ಪಿಸಲು ಮಾತುಗಳನ್ನು ಚಿತ್ರದೊಳಗೆ ಅಡಗಿಸುತ್ತಿದ್ದರು. ಅಕ್ಷರವೇ ಇಲ್ಲದ ಪತ್ರ ಇಂದಿಗೂ ಅನುಮಾನಕ್ಕೆ ಗುರಿಯಾಗಲು ಅದೂ ಒಂದು ಕಾರಣ. ಇನ್ನು ಚಿತ್ರ ಕಂಡವರ ಮೊಬೈಲ್‌ನಲ್ಲೂ ಅಕ್ಷರಗಳು ಸಾಸಿವೆಯಷ್ಟಾಗಿರುತ್ತವೆ, ಸಂಖ್ಯೆಯನ್ನು ಒತ್ತಿ ಕರೆ ಮಾಡಲೂ ಆಗಿರುವುದಿಲ್ಲ.

ಆದ್ದರಿಂದ ಮಾತುಗಳನ್ನು ಅಕ್ಷರವಾಗಿಯೇ, ಎಲ್ಲ ಸಾಧನಗಳೂ ಗುರುತಿಸುವ ಯೂನಿಕೋಡ್ ಸಂಕೇತದಲ್ಲಿ ಬರೆಸಿ. ಮುದ್ರಣಾಲಯಕ್ಕೆಂದು ‘ನುಡಿ’ ತಂತ್ರಾಂಶದ ಹಳೆಯ ಸಂಕೇತದಲ್ಲಿ ಮಾಡಿದ ಕಡತವನ್ನು ಹಾಗೆಯೇ ತಂದು ಅಂಟಿಸಿದರೆ ಓದುವವರಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಅಲಂಕಾರದ ಫಾಂಟ್‌ಗಳ ಆಸೆಯನ್ನೂ ಬಿಡಿ. ಜಿಮೇಲ್ ಅವನ್ನು ಗಣನೆಗೆ ತೆಗೆದುಕೊಳ್ಳದೆ ಓದುಗರ ಸಾಧನದಲ್ಲಿರುವ ಫಾಂಟನ್ನೇ ತೋರಿಸುತ್ತದೆ. ಸಾಲುಗಳ ನಡುವಿನ ಅಂತರಕ್ಕೆ ಮಾತ್ರ ವಿಶೇಷ ಗಮನ ಬೇಕು. ಇಂಗ್ಲಿಷ್‌ಗಾಗಿ ಸಿದ್ಧಪಡಿಸಿದ ಮಾದರಿಯಲ್ಲಿ ಕನ್ನಡ ತುಂಬಿದಾಗ ‘ಲಕ್ಷ್ಮಿ’ಯ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತವೆ, ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಂತರವಿಟ್ಟರೆ ಓದು ಸುಗಮವಾಗುತ್ತದೆ. (ವಿನ್ಯಾಸಕಾರರು ಇದನ್ನು ಜಾಗ ಹಾಳು ಎನ್ನುತ್ತಾರೆ, ನೀವು ಪಟ್ಟು ಬಿಡಬೇಡಿ.)

ಚಿತ್ರ ಬೇಡವೆಂದಲ್ಲ. ಇಪ್ಪತ್ತು ಸೀರೆಗಳನ್ನು ಅಂಗೈಯಗಲದಲ್ಲಿ ಜೋಡಿಸುವ ಬದಲು ಒಂದೇ ಸೀರೆಯನ್ನು ಹತ್ತಿರದಿಂದ ತೋರಿಸಿ: ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿಯಿಂದ ಬೆಸೆದ ಜಾಗ, ಅದರಾಚೆ ‘ಟೋಪ್ ತೆನಿ’ ಎಂಬ ವಿನ್ಯಾಸದ ಸೆರಗಿನ ಕೆಂಪು ಮತ್ತು ಬಿಳುಪು. ಆ ಕೊಂಡಿಯೇ ನಿಮ್ಮ ಊರಿನ ಸೀರೆಯ ಗುರುತು, ಮತ್ತು ಪ್ರದರ್ಶನದಲ್ಲಿ ಸೆರಗು ಹಿಡಿದು ನೋಡಿದವರಿಗೆ ಅದು ಥಟ್ಟನೆ ನೆನಪಾಗುತ್ತದೆ. ಚಿತ್ರ ತೆರೆಯದಾಗ ಕಾಣುವ ಬದಲಿ ಪಠ್ಯದಲ್ಲಿ ‘ಚಿತ್ರ 1’ ಎಂದಿರದೆ ‘ಗಾಯತ್ರಿ ಅಂಚು, ಕೆಂಪು ಸೆರಗಿನ ಇಳಕಲ್ ಸೀರೆ’ ಎಂದಿರಲಿ. ಪತ್ರದ ಅಗಲ 600 ಪಿಕ್ಸೆಲ್ ಸಾಕು. ಪಠ್ಯ ಮತ್ತು ವಿನ್ಯಾಸದ ಸಂಕೇತಗಳು ಸೇರಿ ಸುಮಾರು 102 ಕೆಬಿ ಮೀರಿದರೆ ಜಿಮೇಲ್ ಪತ್ರವನ್ನು ನಡುವೆಯೇ ತುಂಡರಿಸುತ್ತದೆ. ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕಾಗುವುದರಿಂದ ಆ ಮಿತಿ ನಮಗೆ ಬೇಗ ಎದುರಾಗುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಬಿಲ್ಲಿಗಾಗಿ ವಿಳಾಸ ಕೊಟ್ಟವರೆಲ್ಲ ಜಾಹೀರಾತಿಗೂ ಒಪ್ಪಿದ್ದಾರೆಂದು ಭಾವಿಸಬೇಡಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ಒಪ್ಪಿಗೆ. ‘ಇನ್ನು ಮುಂದೆ ಪತ್ರ ಬೇಡ’ ಎಂಬ ಕೊಂಡಿಯನ್ನು ಪ್ರತಿ ಪತ್ರದಲ್ಲೂ ಕಣ್ಣಿಗೆ ಬೀಳುವಂತೆ ಇಡಿ, ಏಕೆಂದರೆ ಅದು ಸಿಗದೆ ರೇಗಿದವರು ನಿಮ್ಮನ್ನು ಸ್ಪ್ಯಾಮ್ ಎಂದು ಗುರುತಿಸಿಬಿಡುತ್ತಾರೆ.

ಪ್ರಶ್ನೆ: ಪತ್ರವನ್ನು ಎಷ್ಟು ಜನ ತೆರೆದರೆಂದು ಕಳಿಸುವ ಸೇವೆಯವರು ತೋರಿಸುವ ಲೆಕ್ಕ ನಿಜವೇ?
– ಅದೇ ಓದುಗರು

ಉತ್ತರ: ಪೂರ್ತಿ ನಂಬಬೇಡಿ. ಪತ್ರದಲ್ಲಿ ಅಡಗಿಸಿಟ್ಟ ಕಣ್ಣಿಗೆ ಕಾಣದ ಪುಟ್ಟ ಚಿತ್ರವೊಂದು ತೆರೆದುಕೊಂಡಾಗ ಆ ಲೆಕ್ಕ ಒಂದು ಏರುತ್ತದೆ. ಆದರೆ 2021ರಿಂದ ಆ್ಯಪಲ್‌ನ ಮೇಲ್‌ನಲ್ಲಿ ಗೌಪ್ಯತೆಯ ರಕ್ಷಣೆಯನ್ನು ಆಯ್ದುಕೊಂಡವರ ಪತ್ರದ ಚಿತ್ರಗಳನ್ನು, ಅವರು ಓದಲಿ ಬಿಡಲಿ, ಆ ಸಂಸ್ಥೆಯ ಸರ್ವರ್‌ಗಳೇ ಮುಂಚಿತವಾಗಿ ತರಿಸಿಕೊಳ್ಳುತ್ತವೆ. ಇತ್ತ ಔಟ್‌ಲುಕ್‌ನಲ್ಲಿ ಚಿತ್ರ ತೆರೆಯದೆಯೇ ಓದಿದವರು ಲೆಕ್ಕಕ್ಕೇ ಸಿಗುವುದಿಲ್ಲ. ಅದರ ಬದಲು ಪತ್ರ ಹೋದ ವಾರದಲ್ಲಿ ಬಂದ ಮಾರುತ್ತರಗಳನ್ನೂ ಕರೆಗಳನ್ನೂ ಅಂಗಡಿಯ ಪುಸ್ತಕದಲ್ಲಿ ಬರೆದಿಡಿ.