ಕೋವಿ ಲೈಸೆನ್ಸಿನ ಕಡತ ಎಲ್ಲಿ ಕೂತಿದೆ?

ಓದುಗರ ಪತ್ರ

"ಅಪ್ಪಯ್ಯನ ಹೆಸರಿನಲ್ಲಿ ಬೆಳೆ ರಕ್ಷಣೆಗೆ ಅಂತ ತೆಗೆದುಕೊಂಡ ಒಂಟಿ ನಳಿಗೆಯ ಕೋವಿ ಇದೆ. ಲೈಸೆನ್ಸ್ ಮುಗಿಯಲು ಎರಡು ತಿಂಗಳಿಗೂ ಜಾಸ್ತಿ ಸಮಯ ಇರುವಾಗಲೇ ನವೀಕರಣಕ್ಕೆ ಅರ್ಜಿ ಕೊಟ್ಟಿದ್ದೆವು. ಅವಧಿ ಮುಗಿದು ವರ್ಷ ದಾಟಿತು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿದರೆ ಪೊಲೀಸ್ ವರದಿ ಬಂದಿಲ್ಲ ಅಂತಾರೆ. ಠಾಣೆಯಲ್ಲಿ ಕೇಳಿದರೆ ಕಳಿಸಿ ಎಷ್ಟೋ ದಿನ ಆಯ್ತು ಅಂತಾರೆ. ಈಗ ಅದೇ ಠಾಣೆಯವರು ಫೋನ್ ಮಾಡಿ, ನಿಮ್ಮ ಲೈಸೆನ್ಸ್ ಮುಗಿದಿದೆ, ಕೋವಿ ತಂದು ಕೊಡಿ ಅಂತಿದ್ದಾರೆ. ಅಪ್ಪಯ್ಯನಿಗೆ 74 ವರ್ಷ. ಇದನ್ನು ನನ್ನ ಹೆಸರಿಗೆ ಮಾಡಿಸಬಹುದಾ? ಇಲ್ಲಿ ಲೈಸೆನ್ಸೇ ಇಲ್ಲದೆ ಕೋವಿ ಇಟ್ಟುಕೊಂಡವರು ಆರಾಮಾಗಿದ್ದಾರೆ. ಈ ಲೈಸೆನ್ಸ್ ಪದ್ಧತಿಯೇ ಹೋಗಬೇಕು. ನೀವೇನಂತೀರಿ?"

ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು

ಸಂಪಾದಕರ ಉತ್ತರ

ನಿಮ್ಮ ಸಿಟ್ಟು ನ್ಯಾಯವಾದದ್ದು. ಕಡೆಯ ಮಾತು ಮಾತ್ರ ನಾನು ಒಪ್ಪುವುದಿಲ್ಲ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ಮನೆಯಲ್ಲಿರುವ ಕೋವಿಯ ವಿಷಯ, ಯಾಕಂದರೆ ಅದು ಕಾಯುವ ವಿಷಯವಲ್ಲ.

ಕೋವಿಯನ್ನು ದಯವಿಟ್ಟು ಈ ವಾರವೇ ಒಪ್ಪಿಸಿ. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಲೈಸೆನ್ಸಿನ ಅವಧಿ ಮುಗಿದರೆ ಕೋವಿಯನ್ನು ತಡ ಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ವ್ಯಾಪಾರಿಯ ಬಳಿಯೋ ಇಡಬೇಕು. ಅರ್ಜಿ ಕೊಟ್ಟಿದ್ದೇವಲ್ಲ ಎಂಬ ಧೈರ್ಯದಲ್ಲಿ ಮನೆಯಲ್ಲೇ ಇಟ್ಟುಕೊಳ್ಳಬೇಡಿ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ 2 ವರ್ಷದಿಂದ 5 ವರ್ಷದವರೆಗೆ ಜೈಲು. ಮೊದಲು ಅದು 1ರಿಂದ 3 ವರ್ಷ ಇತ್ತು. ನಾಳೆ ಯಾರಾದರೂ ಆಗದವರು ಒಂದು ದೂರು ಕೊಟ್ಟರೆ, ಕಚೇರಿಯ ತಡ ಕಚೇರಿಯಲ್ಲೇ ಉಳಿಯುತ್ತದೆ. ಕೋರ್ಟಿಗೆ ಅಲೆಯುವವರು 74 ವರ್ಷದ ನಿಮ್ಮ ಅಪ್ಪಯ್ಯ.

ಒಪ್ಪಿಸುವಾಗ ರಸೀದಿ ಇಲ್ಲದೆ ವಾಪಸ್ ಬರಬೇಡಿ. ಅದರಲ್ಲಿ ಕೋವಿಯ ತಯಾರಕರ ಹೆಸರು, ನಳಿಗೆಯ ಮೇಲಿನ ನಂಬರು, ಎಷ್ಟು ತೋಟಾ ಕೊಟ್ಟಿರಿ, ಕೋವಿ ಯಾವ ಸ್ಥಿತಿಯಲ್ಲಿತ್ತು, ಎಲ್ಲವೂ ಇರಲಿ. ಫೋಟೋ ತೆಗೆದುಕೊಳ್ಳಿ. ನಳಿಗೆಯ ಒಳಗೆ, ಹೊರಗೆ ಚೆನ್ನಾಗಿ ಎಣ್ಣೆ ಹಾಕಿ ಕೊಡಿ. ಠಾಣೆಯಲ್ಲಿ ಕೋವಿ ಇಡುವ ಕೋಣೆ ನೋಡಿದವರಿಗೆ ನಾನು ಯಾಕೆ ಹೀಗೆ ಹೇಳುತ್ತೇನೆ ಅಂತ ಗೊತ್ತಿರುತ್ತದೆ. ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿರುತ್ತಾರೆ. ಟ್ರಿಗರಿನ ಬಳೆಗೆ ಸೆಣಬಿನ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿರುತ್ತದೆ. ಮಳೆಗಾಲದ ತೇವಕ್ಕೆ ಚೀಟಿಯ ಮೇಲಿನ ಶಾಯಿ ಹರಡಿ, ಹೆಸರು ಓದಲಿಕ್ಕೇ ಬರುವುದಿಲ್ಲ. ನಳಿಗೆಯ ಬಾಯಿಯ ಸುತ್ತ ಕೆಂಪು ತುಕ್ಕು ಕೂತಿರುತ್ತದೆ. ಸ್ವಲ್ಪ ಖರ್ಚಾದರೂ ಪರವಾಗಿಲ್ಲ ಎನ್ನುವುದಾದರೆ ವ್ಯಾಪಾರಿಯ ಬಳಿ ಇಡುವುದು ಒಳ್ಳೆಯದು.

ಇನ್ನು ಕಡತದ ವಿಷಯಕ್ಕೆ ಬರೋಣ.

"ಪೊಲೀಸ್ ವರದಿ ಬಂದಿಲ್ಲ" ಎಂಬ ಮಾತನ್ನು ನೀವೊಬ್ಬರೇ ಕೇಳುತ್ತಿಲ್ಲ. ಕೋವಿ ಲೈಸೆನ್ಸಿನ ಬಗ್ಗೆ ನಮಗೆ ಬರುವ ಪತ್ರಗಳಲ್ಲೆಲ್ಲ ಇದೇ ಮಾತು. ಅರ್ಜಿ ಜಿಲ್ಲಾಧಿಕಾರಿ ಕಚೇರಿಯಿಂದ ಎಸ್‌ಪಿ ಕಚೇರಿಗೆ, ಅಲ್ಲಿಂದ ಡಿವೈಎಸ್‌ಪಿಗೆ, ಅಲ್ಲಿಂದ ಠಾಣೆಗೆ ಇಳಿಯುತ್ತದೆ. ಠಾಣೆಯವರು ವಿಚಾರಿಸಿ ಬರೆದ ಮೇಲೆ ಅದೇ ಮೆಟ್ಟಿಲು ಹತ್ತಿ ವಾಪಸ್ ಬರಬೇಕು. ಪ್ರತಿ ಮೆಟ್ಟಿಲಲ್ಲೂ ಒಂದು ಟಪಾಲು ಪುಸ್ತಕ, ಒಂದು ಮೇಜು, ರಜೆಯಲ್ಲಿರುವ ಒಬ್ಬ ಗುಮಾಸ್ತರು. ಹಾಗಾಗಿ ನಿಮಗೆ ಉತ್ತರ ಕೊಟ್ಟ ಇಬ್ಬರೂ ಸುಳ್ಳು ಹೇಳಿರಬೇಕಾಗಿಲ್ಲ. ಠಾಣೆಯಿಂದ ವರದಿ ಹೊರಟಿರಬಹುದು, ನಡುವೆ ಎಲ್ಲೋ ಕೂತಿರಬಹುದು.

ಆದರೆ ಕಾನೂನು ಇದನ್ನು ಯೋಚಿಸದೆ ಬಿಟ್ಟಿಲ್ಲ. 2016ರ ಆಯುಧ ನಿಯಮಗಳಲ್ಲಿ ಪೊಲೀಸ್ ವರದಿಗೆ 30 ದಿನದ ಗಡುವು ಇದೆ. ಅದಕ್ಕಿಂತ ಮುಖ್ಯವಾದದ್ದು ಕಾಯ್ದೆಯ 13(2ಎ) ಸೆಕ್ಷನ್. ಗಡುವಿನೊಳಗೆ ವರದಿ ಬರದಿದ್ದರೆ, ಲೈಸೆನ್ಸ್ ಕೊಡುವ ಅಧಿಕಾರಿಗೆ ಸರಿ ಎನಿಸಿದರೆ, ಇನ್ನು ಕಾಯದೆ ತಾವೇ ಆದೇಶ ಮಾಡಬಹುದು ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ನವೀಕರಣಕ್ಕೂ ಈ ಸೆಕ್ಷನ್ ಅನ್ವಯಿಸುತ್ತದೆ. ಅಂದರೆ ಕಾಯಲೇಬೇಕು ಅಂತ ಯಾರೂ ಅವರ ಕೈ ಕಟ್ಟಿಹಾಕಿಲ್ಲ.

ಮತ್ತೆ ಯಾಕೆ ಕಾಯುತ್ತಾರೆ? ನನಗೆ ಅನಿಸುವುದು ಇಷ್ಟು. ವರದಿ ಇಲ್ಲದೆ ಸಹಿ ಹಾಕಿ, ನಾಳೆ ಆ ಕೋವಿಯಿಂದ ಏನಾದರೂ ಆಗಿಹೋದರೆ, ಸಹಿ ಹಾಕಿದವರನ್ನು ಎಲ್ಲರೂ ಕೇಳುತ್ತಾರೆ. ಸಹಿ ಹಾಕದೆ ವರ್ಷಗಟ್ಟಲೆ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ಎಷ್ಟೇ ಪ್ರಾಮಾಣಿಕ ಅಧಿಕಾರಿಯಾದರೂ ಇಂಥ ಕಡೆ ಕಡತವನ್ನು ಮುಟ್ಟದಿರುವುದೇ ಕ್ಷೇಮ ಅಂತ ಕಲಿತುಬಿಡುತ್ತಾರೆ. ಲಂಚದ ಆಸೆಯಿಂದ ಆಗುವ ತಡವೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಭಯದ ತಡ ಅದಕ್ಕಿಂತ ಜಾಸ್ತಿ ಅಂತ ನನ್ನ ನಂಬಿಕೆ. ತಡ ಮಾಡಿದ್ದಕ್ಕೂ ಯಾರಾದರೂ ಉತ್ತರ ಕೊಡಬೇಕಾದ ದಿನ ಬರುವವರೆಗೆ ಇದು ಸರಿಹೋಗುವುದಿಲ್ಲ.

ಇನ್ನೊಂದು ಕಾರಣ ನಿಮ್ಮ ಕಡತದಲ್ಲೂ ಇರಬಹುದು. ಮಲೆನಾಡಿನ ಬಹಳಷ್ಟು ಊರುಗಳು ಯಾವುದಾದರೂ ಅಭಯಾರಣ್ಯದ ಹತ್ತಿರವೇ ಇವೆ. ಸೋಮೇಶ್ವರ, ಮೂಕಾಂಬಿಕಾ, ಶರಾವತಿ ಕಣಿವೆ, ಭದ್ರಾ, ಒಂದಲ್ಲ ಒಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದ 10 ಕಿ.ಮೀ. ಒಳಗೆ ಹೊಸ ಕೋವಿ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. 2022ರ ತಿದ್ದುಪಡಿಯಲ್ಲಿ ನವೀಕರಣವನ್ನೂ ಸೇರಿಸಿದರು. ಆದರೆ ನವೀಕರಣಕ್ಕೆ ಬೇಕಾಗಿರುವುದು ಅವರಿಗೆ ಅಥವಾ ಅವರು ನೇಮಿಸಿದ ಅಧಿಕಾರಿಗೆ ಮಾಹಿತಿ ಕೊಡುವುದು ಮಾತ್ರ, ಒಪ್ಪಿಗೆ ಅಲ್ಲ. "ಅರಣ್ಯ ಇಲಾಖೆ ಒಪ್ಪಿಗೆ ಬರಬೇಕು, ಕಾಯಿರಿ" ಅಂತ ನಿಮಗೆ ಹೇಳಿದರೆ, ಯಾವ ಸೆಕ್ಷನ್ ಪ್ರಕಾರ ಅಂತ ಬರವಣಿಗೆಯಲ್ಲಿ ಕೇಳಿ. ಮಾಹಿತಿ ಕೊಡಲು ಒಂದು ಪತ್ರ ಸಾಕು, ಅಲ್ವಾ?

ಈಗ ನಿಮ್ಮ ಕಡೆಯ ಮಾತು. ಲೈಸೆನ್ಸ್ ಪದ್ಧತಿಯೇ ಹೋಗಬೇಕು ಅಂತೀರಿ. ಬೇಡ. ಗದ್ದೆಯ ಬದುವಿನ ತಕರಾರು, ಆಸ್ತಿ ಪಾಲು, ಕುಡಿತ, ಯಾರಿಗೂ ಹೇಳಿಕೊಳ್ಳಲಾಗದ ಸಾಲ, ಇವೆಲ್ಲ ನಮ್ಮ ಹಳ್ಳಿಗಳಲ್ಲಿ ಇಲ್ಲವೇ? ಅಂಥ ಮನೆಯಲ್ಲಿ ಕೈಗೆ ಸಿಗುವಂತೆ ಕೋವಿ ಇದ್ದರೆ ಏನಾಗುತ್ತದೆ ಅಂತ ನಾವು ನೋಡಿದ್ದೇವೆ. ಕೋವಿ ಇಟ್ಟುಕೊಂಡವನ ಮೇಲೆ ಕೇಸ್ ಇದೆಯಾ, ಆರೋಗ್ಯ ಹೇಗಿದೆ, ಕೋವಿಯನ್ನು ಬೀಗ ಹಾಕಿ ಇಡುತ್ತಾನಾ ಅಂತ ಆಗಾಗ ಯಾರಾದರೂ ಬಂದು ನೋಡಲೇಬೇಕು. ಆದರೆ ಆ ನೋಡುವ ಕೆಲಸಕ್ಕೆ ಎಷ್ಟು ಹೊತ್ತು ಬೇಕು? ಠಾಣೆಯ ದಾಖಲೆ ತೆಗೆದು ನೋಡಬೇಕು, ಒಮ್ಮೆ ಮನೆಗೆ ಬರಬೇಕು, ಅಕ್ಕಪಕ್ಕದವರನ್ನು ಎರಡು ಮಾತು ಕೇಳಬೇಕು. ಬೀಟ್ ಪೊಲೀಸರಿಗೆ ಇದು ಅರ್ಧ ದಿನದ ಕೆಲಸ. ಉಳಿದ ಹನ್ನೆರಡು ತಿಂಗಳು ಯಾರೂ ನಿಮ್ಮನ್ನು ಪರೀಕ್ಷೆ ಮಾಡಲಿಲ್ಲ. ಕಡತ ಸುಮ್ನೆ ಕೂತಿತ್ತು. ಅದರಿಂದ ಊರಿನಲ್ಲಿ ಯಾರೂ ಹೆಚ್ಚು ಸುರಕ್ಷಿತವಾಗಲಿಲ್ಲ. ಇನ್ನೂ ಕೆಟ್ಟದ್ದು ಏನಂದರೆ, ನಿಜವಾಗಿಯೂ ಕೋವಿ ಇರಬಾರದ ಮನೆಯ ಕಡತವೂ ಅದೇ ರಾಶಿಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿರುತ್ತದೆ.

ಲೈಸೆನ್ಸ್ ಇಲ್ಲದವರು ಆರಾಮಾಗಿದ್ದಾರೆ ಅಂತ ಬರೆದಿದ್ದೀರಲ್ಲ, ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅದೇ. ಕಳ್ಳಕೋವಿ ಇಟ್ಟವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ಅವನಿಗೆ ಫೋನ್ ಬರುವುದಿಲ್ಲ. ಚುನಾವಣೆ ಬಂದಾಗ ಕೋವಿ ತಂದು ಕೊಡಿ ಅಂತ ಹೇಳಿಕಳಿಸುವುದೂ ಪಟ್ಟಿಯಲ್ಲಿರುವ ನಿಮ್ಮಂಥವರಿಗೇ. ನಿಜವಾಗಿ ಚುನಾವಣಾ ಆಯೋಗ ಎಲ್ಲರ ಕೋವಿಯನ್ನೂ ಕಣ್ಣು ಮುಚ್ಚಿ ತರಿಸಿ ಅಂತ ಹೇಳಿಲ್ಲ. ಜಿಲ್ಲೆಯ ಪರಿಶೀಲನಾ ಸಮಿತಿ ಒಬ್ಬೊಬ್ಬರ ವಿಷಯ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಾಟೆಯಲ್ಲಿ ಸಿಕ್ಕಿಬಿದ್ದವರು, ಇಂಥವರ ಕೋವಿಯನ್ನು ಇರಿಸಿಕೊಳ್ಳಬೇಕು. ಆದರೆ ನಮಗೆ ಬರೆಯುವವರು ಹೇಳುವುದು ಬೇರೆ. ಎಲ್ಲರಿಗೂ ಒಂದೇ ನೋಟಿಸು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡೂ ಬೇಸಿಗೆಯಲ್ಲೇ ಬಂದವು. ಮಂಗಗಳು ತೋಟಕ್ಕೆ ಇಳಿದು ಹಿಂಗಾರ ಕಿತ್ತು ಹಾಕುವ ಹೊತ್ತಿನಲ್ಲಿ ಕೋವಿ ಠಾಣೆಯಲ್ಲಿತ್ತು. ಗಾಳಿಯಲ್ಲಿ ಒಂದು ಗುಂಡು ಹಾರಿಸಿ ಹೆದರಿಸುವುದಕ್ಕೂ ಉಪಾಯ ಇರಲಿಲ್ಲ. ಹೀಗೆ ಮತ್ತೆ ಮತ್ತೆ ಆದರೆ ರೈತ ಏನು ಕಲಿಯುತ್ತಾನೆ? ಪಟ್ಟಿಯಲ್ಲಿ ಹೆಸರು ಬರೆಸಿದ್ದೇ ತಪ್ಪಾಯಿತು ಅಂತ. ಕಾನೂನು ಪಾಲಿಸುವವರ ಬಾಯಲ್ಲಿ ಈ ಮಾತು ಬರುವ ಹಾಗೆ ಮಾಡಿದ್ದು ಸರ್ಕಾರವೇ. ನಿಮ್ಮ ಕೈ ಸೇರದ ಲೈಸೆನ್ಸಿಗಿಂತ ಇದು ದೊಡ್ಡ ನಷ್ಟ.

ಕೊಡಗಿನವರಿಗೆ ಲೈಸೆನ್ಸ್ ಬೇಡ, ನಮಗೆ ಮಾತ್ರ ಯಾಕೆ ಅಂತಲೂ ಹಲವರು ಬರೆಯುತ್ತಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು ಇರುವವರಿಗೆ, ಇರುವ ವಿನಾಯಿತಿ ಹಳೆಯದು. 2019ರಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದರ ಹಿಂದೆ ಬೇರೆಯದೇ ಇತಿಹಾಸ ಇದೆ. ಅದನ್ನು ತೋರಿಸಿ ನಮಗೂ ಕೊಡಿ ಅನ್ನುವುದರಿಂದ ನಿಮ್ಮ ಕಡತ ಒಂದು ಮೇಜೂ ಮುಂದೆ ಹೋಗುವುದಿಲ್ಲ.

ನಾನು ಕೇಳುವುದು ಇದಕ್ಕಿಂತ ಚಿಕ್ಕದು. ನವೀಕರಣದ ಅರ್ಜಿಯನ್ನು ಸಮಯಕ್ಕೆ ಸರಿಯಾಗಿ ಕೊಟ್ಟವರ ಲೈಸೆನ್ಸ್, ಆ ಅರ್ಜಿಯ ಮೇಲೆ ಹೌದು ಅಥವಾ ಇಲ್ಲ ಅಂತ ಆದೇಶ ಆಗುವವರೆಗೆ ಜೀವಂತವಾಗಿರಬೇಕು. ಸ್ವೀಕೃತಿ ಪತ್ರವೇ ಅಲ್ಲಿಯವರೆಗಿನ ಲೈಸೆನ್ಸ್ ಆಗಬೇಕು. ಅನುಮಾನ ಇದ್ದವರ ಲೈಸೆನ್ಸನ್ನು ಕಾರಣ ಬರೆದು ತಡೆಹಿಡಿಯುವ ಅಧಿಕಾರ ಅಧಿಕಾರಿಗೆ ಹೇಗೂ ಇದೆ. ಇದೊಂದು ಆದರೆ ತಡದ ಭಾರ ಅರ್ಜಿದಾರರ ತಲೆಯಿಂದ ಇಳಿಯುತ್ತದೆ. 2019ರಲ್ಲಿ ಲೈಸೆನ್ಸಿನ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿದ್ದು ಒಳ್ಳೆಯ ಕೆಲಸ. ಪ್ರತಿ ಲೈಸೆನ್ಸಿಗೂ ಯುಐಎನ್ ಅನ್ನುವ ಗುರುತಿನ ಸಂಖ್ಯೆ ಕೊಟ್ಟು, ದೇಶಕ್ಕೆಲ್ಲ ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ಸೇರಿಸಿದ್ದೂ ಆಗಿದೆ. ಹಾಗಿದ್ದ ಮೇಲೆ ಕಡತ ಇವತ್ತು ಯಾರ ಮೇಜಿನ ಮೇಲಿದೆ, ಎಷ್ಟು ದಿನದಿಂದ ಇದೆ ಅಂತ ಅರ್ಜಿದಾರರಿಗೆ ತೋರಿಸಲು ಏನು ಕಷ್ಟ?

ಇನ್ನು ಅಪ್ಪಯ್ಯನಿಗೆ ವಯಸ್ಸಾಯಿತು, ಲೈಸೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಬಹುದಾ ಎಂಬ ಪ್ರಶ್ನೆ. ಮಾಡಿಸಬಹುದು. 2016ರ ನಿಯಮಗಳ 25ನೇ ನಿಯಮ ನೋಡಿ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ ಅವರು ಕೋವಿ ಹೊಂದಿ 25 ವರ್ಷವಾದರೆ, ಅವರು ಸೂಚಿಸಿದ ವಾರಸುದಾರರಿಗೆ ಲೈಸೆನ್ಸ್ ಕೊಡಬಹುದು. ನಿಮ್ಮ ಹೆಸರಿಗೆ ಅದು ಹೊಸ ಲೈಸೆನ್ಸ್ ಆಗುತ್ತದೆ. ಹಾಗಾಗಿ ವೈದ್ಯರ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುತ್ತೇನೆ ಎಂಬ ಮುಚ್ಚಳಿಕೆ ಎಲ್ಲ ಕೇಳುತ್ತಾರೆ. ಅಭಯಾರಣ್ಯದ 10 ಕಿ.ಮೀ. ಒಳಗಿದ್ದರೆ ಹೊಸ ಲೈಸೆನ್ಸಿನ ಆ ಒಪ್ಪಿಗೆಯ ಮಾತೂ ಬರಬಹುದು. ಅದಕ್ಕೇ ನನ್ನ ಸಲಹೆ, ನವೀಕರಣದ ಅರ್ಜಿಯನ್ನು ಬಿಟ್ಟುಕೊಡಬೇಡಿ. ಅದು ಮುಗಿಯಲಿ, ಆಮೇಲೆ ವರ್ಗಾವಣೆಗೆ ಹೋಗಿ.

ಈಗ ಮಾಡಬೇಕಾದ ಕೆಲಸ. ಬಾಯಿಮಾತಿನಲ್ಲಿ ವಿಚಾರಿಸುವುದನ್ನು ಇವತ್ತಿಗೇ ನಿಲ್ಲಿಸಿ. ಕೌಂಟರಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಅಪ್ಪಯ್ಯನ ಸಹಿ ಹಾಕಿಸಿ ಜಿಲ್ಲಾಧಿಕಾರಿಗೆ ಒಂದೇ ಪುಟದ ಪತ್ರ ಬರೆಯಿರಿ. ಅರ್ಜಿ ಕೊಟ್ಟ ತಾರೀಖು, ಸ್ವೀಕೃತಿ ಸಂಖ್ಯೆ, ಯುಐಎನ್, ಕೋವಿ ಒಪ್ಪಿಸಿದ ರಸೀದಿಯ ಪ್ರತಿ ಇರಲಿ. 13(2ಎ) ಪ್ರಕಾರ ವರದಿಗೆ ಕಾಯದೆ ಆದೇಶ ಮಾಡಿ, ಆಗದಿದ್ದರೆ ಕಾರಣ ತಿಳಿಸಿ ಹಿಂಬರಹ ಕೊಡಿ ಅಂತ ಕೇಳಿ. ಪತ್ರವನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಜೊತೆಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಎರಡು ಅರ್ಜಿ ಹಾಕಿ. ಒಂದು ಜಿಲ್ಲಾಧಿಕಾರಿ ಕಚೇರಿಗೆ, ಒಂದು ಎಸ್‌ಪಿ ಕಚೇರಿಗೆ. ಯಾಕೆ ತಡ ಅಂತ ಕೇಳಬೇಡಿ, ಅದಕ್ಕೆ ಹಾರಿಕೆಯ ಉತ್ತರ ಬರುತ್ತದೆ. ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಿ. ಯಾವ ಮೇಜಿಗೆ ಯಾವ ದಿನ ಬಂತು, ಯಾವ ದಿನ ಹೋಯಿತು ಅಂತ ಅದರಲ್ಲೇ ಇರುತ್ತದೆ. 30 ದಿನದೊಳಗೆ ಉತ್ತರ ಕೊಡಬೇಕು.

ಒಂದು ವೇಳೆ ನವೀಕರಣ ನಿರಾಕರಿಸಿದರೆ, ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು, ನೀವು ಕೇಳಿದರೆ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಆಗುತ್ತದೆ ಎನಿಸಿದಾಗ ಮಾತ್ರ ಕೊಡದಿರಬಹುದು. ಆ ಆದೇಶದ ಮೇಲೆ 18ನೇ ಸೆಕ್ಷನ್ ಪ್ರಕಾರ ಮೇಲ್ಮನವಿಯೂ ಇದೆ. ನಿರಾಕರಣೆ ಬಂದರೂ ಎದೆಗುಂದಬೇಡಿ. ಆದೇಶ ಇದ್ದರೆ ಅದರ ಮೇಲೆ ಹೋರಾಡಬಹುದು. ಏನೂ ಹೇಳದೆ ಇಟ್ಟುಕೊಂಡ ಕಡತದ ಮೇಲೆ ಹೋರಾಡುವುದೇ ಕಷ್ಟ.

ಟಿಪ್ಪಣಿ ಹಾಳೆಗಳು ಕೈಗೆ ಬಂದಾಗ ಹೆಸರು, ವಿಳಾಸ ಅಳಿಸಿ ಒಂದು ಪ್ರತಿ ನಮಗೂ ಕಳಿಸಿ. ಇದೇ ತೊಂದರೆಯಲ್ಲಿರುವ ಬೇರೆ ಓದುಗರೂ ಕಳಿಸಿದರೆ, ಕಡತಗಳು ಜಾಸ್ತಿ ದಿನ ಕೂರುವುದು ಯಾವ ಹಂತದಲ್ಲಿ ಎಂದು ನೋಡಿ, ಅದನ್ನು ಈ ಪುಟಗಳಲ್ಲಿ ಪ್ರಕಟಿಸುತ್ತೇವೆ. ಗೃಹ ಇಲಾಖೆಗೂ ಕಳಿಸುತ್ತೇವೆ.