ಮಕ್ಕಳ ಮುಂದೆ ಬಯ್ಯಬಹುದಾ? ಯಾರಿಗೆ ಬಯ್ತೀರಿ ಅನ್ನೋದನ್ನ ಮೊದಲು ನೋಡಿ

ನೀವು ಕೇಳಿದ್ದು: ಸ್ಕೂಟರಿಗೆ ಅಡ್ಡ ಬಂದವರಿಗೆಲ್ಲ ನೀವು ಅನ್ನುವ "ಬೋಳಿಮಗ" ಎಂಬ ಮಾತನ್ನು ಮೂರು ವರ್ಷದ ಮಗಳು ಅಂಗನವಾಡಿ ಟೀಚರ್ ಎದುರು ಹೇಳಿದ್ದಾಳೆ, ಇನ್ನು ಬಯ್ಯುವುದನ್ನೇ ಬಿಡಬೇಕಾ ಅಂತ.

ಮಗಳಿಗೆ ಆ ಮಾತಿನ ಅರ್ಥ ಗೊತ್ತಿಲ್ಲ. ದಿನವಿಡೀ ಅಷ್ಟೊಂದು ಮಾತು ಕಿವಿಗೆ ಬಿದ್ದರೂ ಇದೇ ಅಂಟಿಕೊಂಡದ್ದು ನೀವು ಹೇಳುವ ರೀತಿಯಿಂದ. ದನಿ ಏರುತ್ತದೆ, ಮುಖ ಬದಲಾಗುತ್ತದೆ, ಬ್ರೇಕ್ ಹಾಕಿದಾಗಲೆಲ್ಲ ಅದೇ ಮಾತು ಬರುತ್ತದೆ. ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಅವಳು ಮತ್ತೆ ಹೇಳಿದಾಗ ನಗಬೇಡಿ, "ಅಯ್ಯಯ್ಯೋ" ಎಂದು ಗಾಬರಿಯೂ ಬೀಳಬೇಡಿ. ಅವಳ ಪಾಲಿಗೆ ಎರಡೂ ಬಹುಮಾನವೇ. ಮುಖದಲ್ಲಿ ಏನೂ ತೋರಿಸದೆ "ಸಿಟ್ಟು ಬಂತಾ? 'ಅಯ್ಯೋ ಶಿವನೇ' ಅನ್ನು" ಎಂದು ಬದಲಿ ಮಾತು ಕೊಟ್ಟು ನಿಮ್ಮ ಕೆಲಸಕ್ಕೆ ತಿರುಗಿ. ಮೊದಲ ಎರಡು ಮೂರು ದಿನ ಇನ್ನೂ ಜೋರಾಗಿ ಹೇಳಬಹುದು. ಹಿಂದೆ ಸಿಗುತ್ತಿದ್ದ ಗಮನ ಈಗ ಸಿಗಲಿಲ್ಲವಲ್ಲ ಎಂದು ಪರೀಕ್ಷಿಸುತ್ತಾಳೆ. ಹೆಚ್ಚಿನವರು ಸೋಲುವುದು ಇಲ್ಲೇ: ಇದು ಕೆಲಸ ಮಾಡುತ್ತಿಲ್ಲ ಎಂದುಕೊಂಡು ಗದರಿಬಿಡುತ್ತಾರೆ. ಮನೆಯವರೆಲ್ಲ ಒಂದೇ ಥರ ನಡೆದುಕೊಳ್ಳಬೇಕು. ಅಜ್ಜ ನೆಂಟರ ಮುಂದೆ "ಇನ್ನೊಂದ್ಸಲ ಹೇಳು ಪುಟ್ಟಿ" ಎಂದರೆ, ಚಿಕ್ಕಪ್ಪ ವಿಡಿಯೊ ಮಾಡಿ ವಾಟ್ಸಾಪ್‌ಗೆ ಹಾಕಿದರೆ ವಾರದ ಕೆಲಸ ಒಂದೇ ಸಂಜೆಗೆ ನೀರಿಗೆ ಹೋಯಿತು. ನಾಲಿಗೆಗೆ ಖಾರದ ಪುಡಿ ಹಚ್ಚುವುದಂತೂ ಬೇಡವೇ ಬೇಡ. ಪುಡಿ ಉಸಿರಿನ ಜೊತೆ ಒಳಗೆ ಹೋದರೆ ಮಗು ಒದ್ದಾಡುತ್ತದೆ, ಮೇಲಾಗಿ ಅದು ಕಲಿಯುವುದು ಅಪ್ಪನ ಎದುರು ಹೇಳಬಾರದು ಎಂಬಷ್ಟನ್ನೇ.

ಇನ್ನು ನಿಮ್ಮ ವಿಷಯ. ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ಕಾಲ್ಬೆರಳು ಹೊಸ್ತಿಲಿಗೆ ಬಡಿದಾಗ ಬಾಯಿಗೆ ಬರುವ ಮಾತು ನೋವನ್ನು ಸ್ವಲ್ಪ ತಡೆದುಕೊಳ್ಳುವಂತೆ ಮಾಡುತ್ತದೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊರೆಯುವ ನೀರಿನಲ್ಲಿ ಕೈ ಇಟ್ಟವರು ಬಯ್ಯುತ್ತಾ ಇದ್ದಾಗ ಹೆಚ್ಚು ಹೊತ್ತು ತಡೆದುಕೊಂಡಿದ್ದರು. ಆದರೆ ಹೊಸ್ತಿಲಿಗೆ ಬಯ್ಯುವುದು ಬೇರೆ, ಮನುಷ್ಯರಿಗೆ ಬಯ್ಯುವುದು ಬೇರೆ. ಮಗುವಿಗೆ, ಹೆಂಡತಿಗೆ, ಮನೆಗೆಲಸಕ್ಕೆ ಬರುವವರಿಗೆ ಬಯ್ಯುವುದನ್ನು ಇವತ್ತೇ ನಿಲ್ಲಿಸಿ. ಅಲ್ಲಿ ಕೊಳಕು ಪದವೇ ಬೇಕೆಂದಿಲ್ಲ. "ದಂಡಪಿಂಡ", "ಯಾಕಾದ್ರೂ ಹುಟ್ಟಿದೆಯೋ" ಇವುಗಳಲ್ಲಿ ಒಂದೂ ಅಶ್ಲೀಲವಲ್ಲ, ಆದರೂ ನನ್ನ ಮಟ್ಟಿಗೆ ಮಗು ಕೇಳಬಾರದ ಮಾತುಗಳಲ್ಲಿ ಇವೇ ಮೊದಲು.

ರಸ್ತೆಯಲ್ಲಿ ಸುಮ್ಮನಿರುತ್ತೇನೆ ಎಂಬ ನಿರ್ಧಾರ ನಿಲ್ಲುವುದಿಲ್ಲ, ಯಾಕೆಂದರೆ ಅಡ್ಡ ಬರುವವರು ನಾಳೆಯೂ ಬರುತ್ತಾರೆ. ಆ ಜಾಗಕ್ಕೆ ಇನ್ನೊಂದು ಮಾತು ಕೂರಿಸಬೇಕು. ಅದು ಚಿಕ್ಕದಾಗಿರಲಿ, ಒತ್ತಿ ಹೇಳುವಂತಿರಲಿ: "ಥತ್!" ಸಾಕು. "ನಿಧಾನ ಸ್ವಾಮಿ" ಎಂಬಂಥ ಮೆತ್ತನೆಯ ಮಾತು ಸಿಟ್ಟಿಗೆ ಸಾಲದೆ ಹಳೆಯದೇ ಹೊರಬರುತ್ತದೆ.

ಮಗಳು ಎಂಟು ಹತ್ತು ವರ್ಷದವಳಾದಾಗ "ಕೆಟ್ಟ ಮಾತು" ಎಂದಷ್ಟೇ ಹೇಳಿ ಬಿಡಬೇಡಿ, ಅರ್ಥ ಬಿಡಿಸಿ ಹೇಳಿ. ಬೋಳಿ ಎಂದರೆ ಗಂಡ ಸತ್ತನೆಂದು ತಲೆ ಬೋಳಿಸಲ್ಪಟ್ಟ ಹೆಂಗಸು. ಕೆಲವು ಮನೆಗಳಲ್ಲಿ ಮುದ್ದಿಗೂ ಬಳಸುವ "ಮುಂಡೇದೇ" ಕೂಡ ವಿಧವೆಯನ್ನು ಹಳಿಯುವ ಮಾತೇ. "ಬೇವಾರ್ಸಿ" ಅಂದರೆ ವಾರಸುದಾರರಿಲ್ಲದವನು. ಬಯ್ಯುವುದು ಗಾಡಿಯವನಿಗೆ, ಏಟು ಬೀಳುವುದು ಅವನ ತಾಯಿಗೆ ಎಂಬುದು ಆ ವಯಸ್ಸಿಗೆ ಚೆನ್ನಾಗಿ ತಿಳಿಯುತ್ತದೆ. ಜಾತಿ ಹೆಸರನ್ನು ಬೈಗುಳ ಮಾಡುವುದನ್ನಂತೂ ಯಾವ ಸಿಟ್ಟೂ ಸಮರ್ಥಿಸುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರೆದುರು ಹಾಗೆ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಬಾಯಿ ತಪ್ಪುವುದು ಇದ್ದೇ ಇದೆ. ಆಗಲೇ ಗಾಡಿ ನಿಲ್ಲಿಸಿ "ಸಿಟ್ಟಲ್ಲಿ ಅಂದುಬಿಟ್ಟೆ ಪುಟ್ಟಿ, ಅನ್ನಬಾರದಿತ್ತು" ಎನ್ನಿ. ಅವಳಿಗೇ ಅಂದಿದ್ದರೆ ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಹೇಳಿ, "ನೀನೂ ಹಾಗೆ ಮಾಡಬಾರದಿತ್ತು" ಎಂಬ ಬಾಲ ಸೇರಿಸಬೇಡಿ. ನಾಳೆ ಬಿಡಲು ಹೋದಾಗ ಟೀಚರ್ ಹತ್ತಿರವೂ ಒಂದು ಮಾತು ಹೇಳಿಬಿಡಿ: "ಅದು ನನ್ನ ಬಾಯಿಂದ ಕಲಿತದ್ದು, ಮತ್ತೆ ಅಂದರೆ ಗದರಬೇಡಿ ಮೇಡಂ, 'ಅಯ್ಯೋ ಶಿವನೇ' ಅನ್ನಿಸಿ."